ಕೊಡ ಹೊತ್ತವಳ ಇಪ್ಪತ್ತು ಹೆಜ್ಜೆ

ಕಡತದಲ್ಲಿ ಆ ಕೋಟೆಗೆ ಇದ್ದದ್ದು ಒಂದೇ ಶಬ್ದ: ಖರಾಬ. ಪೈರು ಬೆಳೆಯದ, ಕಂದಾಯ ಹುಟ್ಟದ ನೆಲಕ್ಕೆ ನಮ್ಮ ಇಲಾಖೆ ಇಟ್ಟ ಹೆಸರು ಅದು. ಮೂಲೆಗೊಂದರಂತೆ ಹುಡೆ ಅನ್ನುವ ನಾಲ್ಕು ಕಾವಲು ಬುರುಜು, ಅವುಗಳ ನಡುವೆ ದಪ್ಪ ಕಲ್ಲಿನ ಗೋಡೆ, ಒಳಗೆ ಮೆಟ್ಟಿಲು ಕಟ್ಟಿದ ಬಾವಿ, ಕುದುರೆ ಲಾಯ. ಇಷ್ಟೆಲ್ಲ ಇದ್ದ ಗಢಿಯನ್ನು ನಮ್ಮ ಹಿಂದಿನ ಕಾಲದ ಮೋಜಣಿದಾರರು ಹೊರಗಿನಿಂದ ಒಂದು ಸುತ್ತು ಸರಪಳಿ ಎಳೆದು, ಒಳಗೆ ಇಣುಕಿಯೂ ನೋಡದೆ ಖರಾಬ ಎಂದು ಬರೆದು ಎದ್ದು ಹೋಗಿದ್ದರು. ತೆರಿಗೆ ಬಾರದ ಜಾಗದಲ್ಲಿ ಬೆವರು ಯಾಕೆ ಸುರಿಸಬೇಕು ಅಂತ. ಅವರ ಆ ಸೋಮಾರಿತನ ಮೂರು ನಾಲ್ಕು ತಲೆಮಾರು ದಾಟಿ ಬಂದು ನನ್ನ ಕೊರಳಿಗೆ ಬಿತ್ತು.

ಎರಡು ಸಾವಿರದ ಇಸವಿ. ನಾನು ಖಾನಾಪುರದಲ್ಲಿ ಭೂಮಾಪಕಿ. ದಿನಾ ಬೆಳಿಗ್ಗೆ ಬೆಳಗಾವಿಯಿಂದ ಬಸ್ಸಿನಲ್ಲಿ ಬಂದು ಸಂಜೆ ಮರಳುತ್ತಿದ್ದೆ. ಗಢಿ ಪಾರಿಶ್ವಾಡದ ಕಡೆಯ ಒಂದು ಹಳ್ಳಿಯಲ್ಲಿತ್ತು. ಆ ಹಳ್ಳಿಯ ಹೆಸರು ಬರೆಯುವುದಿಲ್ಲ, ಆ ಜನ ಇನ್ನೂ ಅಲ್ಲೇ ಇದ್ದಾರೆ. ಪಟ್ಟಣ ಸೇರಿದ್ದ ದೇಸಾಯರ ವಾರಸುದಾರರು ಗಢಿಯನ್ನು ಒಬ್ಬ ವ್ಯಾಪಾರಿಗೆ ಮಾರಿದ್ದರು. ಕೊಂಡವನು ಹದ್ದುಬಸ್ತಿಗೆ ಅರ್ಜಿ ಹಾಕಿದ್ದ. ಅಂದರೆ ಹಳೆಯ ದಾಖಲೆ ಹಿಡಿದು ಗಡಿ ಅಳೆದು, ಕಲ್ಲು ನೆಟ್ಟು, ನಕಾಶೆ ಬರೆದು ಕೊಡುವುದು. ನಕಾಶೆ ಕೈಗೆ ಬಂದ ಮೇಲೆ ಸುತ್ತ ತಂತಿಬೇಲಿ ಹಾಕಿಸಿ, ಒಳಗೆ ಪ್ರವಾಸಿಗರಿಗೆ ವಸತಿಗೃಹ ಕಟ್ಟುವ ವಿಚಾರ ಅವನದು.

“ಹೋಗ್ರಿ, ಒಂದ ಸುತ್ತ ಹಾಕ್ರಿ, ಕಲ್ಲ ನೆಡಸ್ರಿ, ದೀಪಾವಳಿ ಒಳಗ ನಕಾಶಿ ಟೇಬಲ್ ಮ್ಯಾಲ ಇರ್ಲಿ,” ಎಂದರು ನಮ್ಮ ಮೇಲಿನ ಸಾಹೇಬರು. “ಇದರಾಗ ತಲಿ ಕೆಡಿಸಿಕೊಳ್ಳೂ ಅಂಥಾದ್ದೇನೂ ಇಲ್ಲ.”

ತಲೆ ಕೆಡಿಸಿಕೊಳ್ಳುವಂಥದ್ದು ಮೊದಲ ದಿನವೇ ಸಿಕ್ಕಿತು. ನನ್ನ ಜೊತೆ ಇದ್ದವನು ಸರಪಳಿ ಹಿಡಿಯುವ ಕಾಕಾ, ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯ. ನಮ್ಮ ಸರಪಳಿ ಮೂವತ್ಮೂರು ಅಡಿಯದು, ಅದರಲ್ಲಿ ಹದಿನಾರು ಭಾಗ, ಒಂದೊಂದು ಭಾಗಕ್ಕೆ ಒಂದು ಆಣೆ ಅನ್ನುವುದು. ಹಿಂದಿನ ಮೋಜಣಿದಾರರು ಬರೆದಿಟ್ಟ ಟಿಪ್ಪಣಿಯ ಅಳತೆಯೆಲ್ಲ ಸರಪಳಿ ಮತ್ತು ಆಣೆಯಲ್ಲೇ ಇತ್ತು. ಗಢಿಯ ದೊಡ್ಡ ಬಾಗಿಲು ಪೂರ್ವಕ್ಕೆ, ರಸ್ತೆಯ ಕಡೆಗೆ. ಹಿಂದುಗಡೆ ಪಶ್ಚಿಮದ ಇಳಿಜಾರಿನಲ್ಲಿ ಕುರಿ ಕಾಯುವವರ ಕೇರಿ, ಹತ್ತು ಹದಿನೈದು ಮನೆ. ಹಿಂದಿನ ಎರಡು ಹುಡೆಗಳಲ್ಲಿ ದಕ್ಷಿಣದ್ದು ಅರ್ಧ ನಿಂತಿತ್ತು, ಉತ್ತರದ್ದು ಕಲ್ಲುಗುಡ್ಡೆ. ನಾನು ದಕ್ಷಿಣದ ಹುಡೆಯನ್ನೇ ಆರಂಭದ ಬಿಂದು ಮಾಡಿಕೊಂಡು ಹಿಂದಿನ ಗೋಡೆಯ ಗುಂಟ ಸರಪಳಿ ಎಳೆಸಿದೆ. ಐದು ಸರಪಳಿ ಎರಡು ಆಣೆ. ಟಿಪ್ಪಣಿಗೆ ಸರಿ ಹೊಂದಿತು.

ಅಷ್ಟರಲ್ಲಿ ಉತ್ತರದ ಕೊನೆಯಲ್ಲಿದ್ದ ಒಂದು ಕಿಂಡಿಯಿಂದ ಹೆಂಗಸರು ಸಾಲಾಗಿ ಹೊರಗೆ ಬಂದರು. ತಲೆಯ ಮೇಲೆ ಕೊಡ, ಟೊಂಕದಲ್ಲಿ ಕೊಡ. ಕೇರಿಯಲ್ಲಿ ಬೋರು ಇತ್ತು. ಅದರ ನೀರು ಕೆಂಪು, ಅದರಲ್ಲಿ ಅನ್ನ ಬೇಯಿಸಿದರೆ ಅನ್ನವೂ ಕೆಂಪು. ಕುಡಿಯಲಿಕ್ಕೆ ಗಢಿಯ ಬಾವಿಯೇ ಗತಿ.

“ಇದು ದಾರಿ ಅಲ್ರಿ ಮೇಡಂ,” ಎಂದ ಕೊಂಡ ವ್ಯಾಪಾರಿ. ಛತ್ರಿ ಹಿಡಿದು ನನ್ನ ಹಿಂದೆಯೇ ಸುತ್ತುತ್ತಿದ್ದ. “ದನಾ ಕೆಡವಿದ ಕಿಂಡಿ. ನಿಮ್ಮ ಹಳೇ ಕಾಗದದಾಗ ಐತೇನ್ ನೋಡ್ರಿ.”

ಇರಲಿಲ್ಲ. ಟಿಪ್ಪಣಿಯಲ್ಲಿ ಹಿಂದಿನ ಗೋಡೆ ಒಂದೇ ಗೆರೆ, ಎಲ್ಲಿಯೂ ತುಂಡಾಗಿರಲಿಲ್ಲ. ಹದ್ದುಬಸ್ತಿನ ನಿಯಮವೂ ಅವನ ಪರವಾಗಿಯೇ ಇತ್ತು. ಮೂಲ ದಾಖಲೆಯಲ್ಲಿ ಇಲ್ಲದ, ಮೊನ್ನೆ ಮೊನ್ನೆ ಬಿದ್ದ ಕಿಂಡಿಯನ್ನು ದಾರಿ ಎಂದು ನಾನು ಬರೆಯುವಂತಿಲ್ಲ. ನಾನು ಬರೆಯದಿದ್ದರೆ ಬೇಲಿ ಬರುತ್ತದೆ, ಬೇಲಿ ಬಂದರೆ ಬಾವಿ ಹೋಗುತ್ತದೆ.

ಕೊಡ ಹೊತ್ತವರಲ್ಲಿ ಎಲ್ಲರಿಗಿಂತ ಹಿಂದೆ ಬರುತ್ತಿದ್ದ ಮುದುಕಿ ನಿಂತಳು. ಕೇರಿಯವರೆಲ್ಲ ಆಕೆಯನ್ನು ಆಯಿ ಅನ್ನುತ್ತಿದ್ದರು.

“ಇದು ಕಿಂಡಿನ ಖರೇ,” ಎಂದಳು. “ಆದ್ರ ಬಾಗಲಾ ಬ್ಯಾರೆ ಇತ್ತು ಯವ್ವಾ. ಇಲ್ಲೆ ಭತ್ತದ ಗ್ವಾಡಾನ ಮಾಡಿದವರು ಕಲ್ಲ ತುಂಬಿ ಮುಚ್ಚಿದ್ರು. ಮ್ಯಾಲಿನ ಗ್ವಾಡಿ ಮಳಿಗೆ ಬಿತ್ತು. ಆಮ್ಯಾಲ ನಮ್ಮ ಹಿರ್ಯಾರು ಇಲ್ಲೆ ಕಿಂಡಿ ಮಾಡಿಕೊಂಡ್ರು.”

“ಎಲ್ಲಿತ್ರಿ ಆಯಿ, ಬಾಗಲಾ?”

ಗೋಡೆಯ ಗುಂಟ ಬಿದ್ದ ಕಲ್ಲಿನ ರಾಶಿಯ ಕಡೆಗೆ, ಅದನ್ನೆಲ್ಲ ಮುಚ್ಚಿದ ಮುಳ್ಳುಪೊದೆಯ ಕಡೆಗೆ ಕೈ ಬೀಸಿದಳು. “ಅಲ್ಲೆ ಎಲ್ಲೋ. ನಾ ಸೊಸಿ ಆಗಿ ಬರೂದಕ್ಕ ಮೊದ್ಲ ಮುಚ್ಚಿತ್ತು. ನಮ್ಮತ್ತಿ ಹೇಳತಿದ್ಲು.”

“ಕಾಗದ ಏನರ ಐತೇನ್ರಿ?”

ಆಕೆ ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿದಳು. “ನಿಮ್ಮ ಕಾಗದ ಗಢಿಕಿಂತ ಹಳೇದೇನ?” ಎಂದು ಕೇಳಿ, ಕೊಡ ಸರಿಮಾಡಿಕೊಂಡು ಹೋದಳು. ಕಾಕಾ ಮುಖ ತಿರುಗಿಸಿ ನಕ್ಕ. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಮುದುಕಿಯ ಮೇಲಲ್ಲ, ಆ ಟಿಪ್ಪಣಿ ಬರೆದ ಪುಣ್ಯಾತ್ಮನ ಮೇಲೆ.

ಮರುದಿನ ಗಢಿಗೆ ಹೋಗದೆ ಬೆಳಗಾವಿಯ ದಫ್ತರಖಾನೆಗೆ ಹೋದೆ. ಅಲ್ಲಿ ಹಳೆಯ ಮರಾಠಿ ಕಾಗದಗಳ ಮೋಡಿ ಲಿಪಿ ಓದಬಲ್ಲ ಹಿರಿಯ ಗುಮಾಸ್ತರೊಬ್ಬರಿದ್ದರು. ಹಗಲೆಲ್ಲ ಕೂತು ಒಂದೊಂದೇ ಕಟ್ಟು ಬಿಚ್ಚಿ ಓದಿ ಹೇಳಿದರು. ಕಟ್ಟಿಸಿದವರ ಹೆಸರು ಎಲ್ಲಿಯೂ ಇಲ್ಲ. ಊರವರು ಅದನ್ನು ಹಲಸಿಯ ಕದಂಬರ ತನಕ ಎಳೆಯುತ್ತಾರೆ, ಗೋಡೆಯ ಗಾರೆ ನೋಡಿದರೆ ಅಷ್ಟು ವಯಸ್ಸಾದದ್ದಲ್ಲ. ಮೊದಲು ಸಿಗುವವರು ದೇಸಾಯರು. ಅವರ ಕೈಯಿಂದ ಕಂಪನಿಯವರು ಕಸಿದುಕೊಂಡು ಠಾಣೆ ಮಾಡಿದರು, ಲಾಯದ ಒಂದು ಭಾಗಕ್ಕೆ ಸರಳು ಕೂಡಿಸಿ ಕೈದಿಗಳನ್ನಿಟ್ಟರು. ಠಾಣೆ ಖಾನಾಪುರಕ್ಕೆ ಹೋದ ಮೇಲೆ ಗಢಿ ಮತ್ತೆ ದೇಸಾಯರಿಗೆ ಬಂತು. ಪ್ಲೇಗಿನ ಕಾಲದಲ್ಲಿ ರೋಗಿಗಳನ್ನು ತಂದು ಅಲ್ಲಿ ಹಾಕಿದರು. ಆಮೇಲೆ ಭತ್ತದ ಗೋದಾಮು. ಸ್ವಾತಂತ್ರ್ಯ ಬಂದ ಮೇಲೆ ಸಾಲೆ. ಲಾಯದ ಗೋಡೆಗೆ ಬಳಿದ ಕರಿಹಲಗೆ ಈಗಲೂ ಇತ್ತು, ಅದರ ಪಕ್ಕದಲ್ಲಿಯೇ ಕೈದಿಗಳ ಸರಳು. ಒಡೆಯರೆಲ್ಲ ಮುಂದಿನ ಬಾಗಿಲಿಗೆ ತಮ್ಮ ತಮ್ಮ ಬೀಗ ಹಾಕಿದರು, ತೆಗೆದರು, ಹೋದರು. ಹಿಂದಿನ ಬಾಗಿಲಿನ ಸುದ್ದಿ ಒಬ್ಬರೂ ಬರೆದಿರಲಿಲ್ಲ.

ಸಂಜೆ ಐದರ ಹೊತ್ತಿಗೆ ಗುಮಾಸ್ತರು ಕನ್ನಡಕ ಒರೆಸುತ್ತ, “ಇಲ್ಲೊಂದು ದುರಸ್ತಿ ಯಾದಿ ಐತಿ ನೋಡ್ರಿ,” ಎಂದರು. ಠಾಣೆಯ ಕಾಲದ್ದು. ಸುಣ್ಣ ಇಷ್ಟು, ತೊಲೆ ಇಷ್ಟು, ಮತ್ತು “ಕೋಟೆಯ ಬಾಗಿಲು ಎರಡು, ಅಗಳಿ ಎರಡು”. ಮೋಜಣಿಗಿಂತ ಮೊದಲಿನ ಕಾಗದ. ನಾನು ಅದರ ದೃಢೀಕೃತ ನಕಲಿಗೆ ಅಲ್ಲಿಯೇ ಅರ್ಜಿ ಬರೆದೆ.

ಬಾಗಿಲು ಎರಡು ಇದ್ದವು ಎಂಬುದು ಸಿಕ್ಕಿತು. ಎಲ್ಲಿ ಎಂಬುದು ಸಿಗಲಿಲ್ಲ. ಮೂರನೆಯ ದಿನ ವ್ಯಾಪಾರಿಗೆ ಹೇಳಿದಾಗ, “ಎರಡನೇದು ಒಳಗಿದ್ದ ದೇಸಾಯರ ವಾಡೇದ್ದು ಇರಬೇಕ್ರಿ,” ಎಂದು ನಕ್ಕು ತೇಲಿಸಿಬಿಟ್ಟ. ಅವನನ್ನು ಸುಳ್ಳು ಮಾಡಬೇಕಾದರೆ ನೆಲದಲ್ಲಿ ಬಾಗಿಲು ತೋರಿಸಬೇಕಿತ್ತು. ಕಲ್ಲುರಾಶಿಯನ್ನೆಲ್ಲ ಎತ್ತಿಸಲು ನನಗೆ ಆಳೂ ಇಲ್ಲ, ಅಧಿಕಾರವೂ ಇಲ್ಲ. ಹೆಚ್ಚೆಂದರೆ ಒಂದು ಕಡೆ ಅಗೆದು ನೋಡಬಹುದು.

ನೀರು ಕೇಳಿಕೊಂಡು ಕೇರಿಗೆ ಇಳಿದಾಗ ಆಯಿಯ ಮನೆಯ ಕಟ್ಟೆಯ ಮೇಲೆ ಕಿಲ್ಲಾ ಕಂಡಿತು. ದೀಪಾವಳಿ ಬಂತೆಂದರೆ ನಮ್ಮ ಬೆಳಗಾವಿಯ ಓಣಿ ಓಣಿಯಲ್ಲಿ ಮನೆ ಮುಂದೆ ಮಣ್ಣಿನ ಕಿಲ್ಲಾ ಕಟ್ಟುತ್ತಾರೆ. ಅಲ್ಲಿ ಹುಡುಗರು ಹೆಸರಾಂತ ಕೋಟೆಗಳನ್ನೆಲ್ಲ ಚಿತ್ರ ನೋಡಿ ಕಟ್ಟುತ್ತಾರೆ. ಈ ಕೇರಿಯಲ್ಲಿ ಕಟ್ಟುವವರು ದೊಡ್ಡ ಹೆಂಗಸರು, ಕಟ್ಟುವುದು ಬೆನ್ನ ಹಿಂದಿನ ಗಢಿಯನ್ನೇ. ನಾಲ್ಕು ಹುಡೆ, ಬಾವಿ, ಕೆಮ್ಮಣ್ಣು ಬಳಿದು ಚೆಂಡುಹೂ ಸಿಗಿಸಿದ ದೊಡ್ಡ ಬಾಗಿಲು, ಎದುರು ಗೋಡೆಯಲ್ಲಿ ಒಂದು ಸಣ್ಣ ತೂತು. ಬಾಜುವಿನಲ್ಲಿ ಹಬ್ಬಕ್ಕೆಂದು ಸಗಣಿಯಲ್ಲಿ ಮಾಡಿ ಒಣಗಲಿಟ್ಟ ಪುಟ್ಟ ಪಾಂಡವರು.

ನಾನು ಬಗ್ಗಿ ನೋಡಿದೆ. “ಆಯಿ, ಇದನ್ನ ಅಂದಾಜಿನ ಮ್ಯಾಲ ಕಟ್ತೀರೋ, ಲೆಕ್ಕ ಐತೋ?”

“ಅಂದಾಜ ಯಾಕ? ಗೇಣಿನ ಲೆಕ್ಕ ಐತಿ. ಒಂದು ಗೇಣು ಅಂದ್ರ ಕೊಡಾ ಹೊತ್ತಾಕಿದು ಇಪ್ಪತ್ತ ಹೆಜ್ಜಿ. ನಮ್ಮತ್ತಿ ಹಂಗ ಕಲಿಸ್ಯಾಳ, ಆಕಿಗೆ ಆಕಿ ಅತ್ತಿ. ತಪ್ಪಿದ್ರ ಕೆಡಿಸಿ ಮತ್ತ ಕಟ್ಟಸತಿದ್ಲು.”

ನಾನು ಸೀರೆಯ ನೆರಿಗೆ ಸಿಕ್ಕಿಸಿ ಕಟ್ಟೆಯ ಮುಂದೆ ಮೊಣಕಾಲೂರಿದೆ. ಸರ್ಕಾರಿ ಟೇಪು ಬಿಚ್ಚಿ ಮಣ್ಣಿನ ಕಿಲ್ಲಾದ ಮೋಜಣಿ ಶುರು ಮಾಡಿದೆ. ಕೇರಿಗೆ ಕೇರಿಯೇ ನೆರೆಯಿತು. ಕಾಕಾ ಮಾತ್ರ ನಗದೆ ಅಳತೆ ಪುಸ್ತಕ ತೆರೆದು, “ಹೇಳ್ರಿ ಬಾಯಾರ, ಬರ್ಕೋತೀನಿ,” ಎಂದ. ಆಮೇಲೆ ಆಯಿಯ ಸೊಸೆಗೆ ತುಂಬಿದ ಕೊಡ ಹೊರಿಸಿ ಇಪ್ಪತ್ತು ಹೆಜ್ಜೆ ನಡೆಸಿದೆವು. ಮೂರು ಸಲ. ಮೂರು ಸಲವೂ ಮೂವತ್ತೆರಡು ಅಡಿಯ ಆಚೀಚೆ. ನಮ್ಮ ಸರಪಳಿಗೆ ಒಂದು ಅಡಿ ಕಡಿಮೆ. ಬಂಗಾರದ ಪದಕ ಪಡೆದ ಮೋಜಣಿದಾರರ ಸರಪಳಿಯೂ ಎಳೆದು ಎಳೆದು ಅಷ್ಟು ಹೆಚ್ಚುಕಡಿಮೆ ಆಗುತ್ತಿರುತ್ತದೆ.

ಆದರೆ ತಪ್ಪು ಮಾಡಿದೆ. ಬುದ್ಧಿವಂತಿಕೆಯ ತಪ್ಪು. ಹೂ ಸಿಗಿಸಿದ ದೊಡ್ಡ ಬಾಗಿಲು ರಸ್ತೆಯ ಕಡೆಯ ಹೆಬ್ಬಾಗಿಲು, ಎದುರಿನ ಸಣ್ಣ ತೂತೇ ನಾವು ಹುಡುಕುವ ಹಿಂದಿನ ಬಾಗಿಲು ಎಂದು ಹಿಡಿದೆ. ಯಾರಾದರೂ ಹಾಗೆಯೇ ಹಿಡಿಯುತ್ತಿದ್ದರು. ಸಣ್ಣ ತೂತು ಮೂಲೆಯಿಂದ ಎರಡು ಗೇಣು. ಅಂದರೆ ದಕ್ಷಿಣ ಹುಡೆಯಿಂದ ಅರವತ್ನಾಲ್ಕು ಅಡಿ. ಅಳೆದು ಗುರುತು ಹಾಕಿ, ಕೇರಿಯ ಇಬ್ಬರು ಗಂಡಸರನ್ನು ಕರೆದು ಪೊದೆ ಕಡಿಸಿ ಕಲ್ಲು ತೆಗೆಸಿದೆ. ಉರಿಬಿಸಿಲಲ್ಲಿ ಮಧ್ಯಾಹ್ನದ ತನಕ ಅಗೆದರು. ಕೆಳಗೆ ಸಿಕ್ಕಿದ್ದು ಎಲ್ಲಿಯೂ ಸಂದಿಲ್ಲದ ಗಟ್ಟಿ ಬುನಾದಿ.

ವ್ಯಾಪಾರಿ ಛತ್ರಿ ಮಡಚಿ, “ನೋಡ್ರಿ ಮೇಡಂ, ಆಟದ ಕಿಲ್ಲಾ ನಂಬಿ ಕೆಲಸಾ ಮಾಡಿದ್ರ ಹಿಂಗ ಆಗತೈತಿ,” ಎಂದ. ಆ ಸಂಜೆಯೇ ಸುದ್ದಿ ಆಫೀಸಿಗೆ ಮುಟ್ಟಿತು. ಮರುದಿನ ಬೆಳಿಗ್ಗೆ ನಾನು ಒಳಗೆ ಕಾಲಿಟ್ಟರೆ ಸಾಹೇಬರು ಎಲ್ಲರಿಗೂ ಕೇಳುವಂತೆ, “ಪಾಂಡವರ ಜಮೀನೂ ಅಳದ್ರೇನು?” ಎಂದರು. ಇಡೀ ಆಫೀಸು ನಕ್ಕಿತು. ನನಗೆ ಅವಮಾನವಾಯಿತು, ಸುಳ್ಳು ಹೇಳುವುದಿಲ್ಲ. ಮುಖ ತೊಳೆದುಕೊಂಡು ಬಂದು, ಕಾಕಾನನ್ನು ಕರೆದುಕೊಂಡು, ಹತ್ತು ಗಂಟೆಯ ಬಸ್ಸು ಹಿಡಿದು ಮತ್ತೆ ಹೋದೆ.

“ಆಯಿ, ನಿಮ್ಮ ಲೆಕ್ಕ ತಪ್ಪೈತಿ,” ಎಂದೆ. ದನಿ ಗಡುಸಾಗಿತ್ತು.

ಆಯಿ ಕಿಲ್ಲಾಕ್ಕೆ ನೀರು ಚಿಮುಕಿಸುತ್ತಿದ್ದಳು. “ನೀ ಎಲ್ಲೆ ಅಳದಿ?”

ಸಣ್ಣ ತೂತು ತೋರಿಸಿದೆ. ಆಕೆ ಹಣೆ ಬಡಿದುಕೊಂಡಳು.

“ಅಯ್ಯ, ಅದು ಮುಂದಿನ ಬಾಗಲಾ ಅಲ್ಲೇನ, ರಸ್ತಾದ್ದು! ನಮ್ಮದು ಇದು,” ಎಂದು ಹೂ ಸಿಗಿಸಿದ ದೊಡ್ಡ ಬಾಗಿಲಿನ ಮೇಲೆ ಕೈಯಿಟ್ಟಳು.

“ಮತ್ತ ಅದನ್ನ ಯಾಕ ಇಷ್ಟ ಸಣ್ಣದ ಮಾಡೀರಿ? ಅದು ಆನಿ ಹೋಗೂವಷ್ಟ ದೊಡ್ಡದೈತಿ.”

“ಆನಿ ಹೋಗಿರಬೇಕ ತಂಗಿ. ನಾವು ಹೋಗಿಲ್ಲ. ನಮ್ಮನ್ನ ಆ ಬಾಗಲಾದಾಗಿಂದ ಯಾರ ಬಿಟ್ಟಾರು? ದೇಸಾಯರ ಕಾಲದಾಗ ಇಲ್ಲ, ಠಾಣೇದ ಕಾಲದಾಗ ಇಲ್ಲ. ಹಾಲು, ಉಣ್ಣಿ, ಕಂಬಳಿ, ಬ್ಯಾನಿ ಬಂದವರಿಗೆ ಗಂಜಿ, ಎಲ್ಲಾ ಇದ ಬಾಗಲಾದಿಂದ ಒಳಗ ಹೋಗ್ಯಾವ. ನಮಗ ಇದ ದೊಡ್ಡದು.”

ನಾನು ಅಲ್ಲಿಯೇ ಕೂತುಬಿಟ್ಟೆ. ಗಢಿಯ ಮುಖ ರಸ್ತೆಯ ಕಡೆಗೆ ಎಂದು ದೇಸಾಯರು ಅಂದುಕೊಂಡಿದ್ದರು, ಕಂಪನಿಯವರು ಅಂದುಕೊಂಡಿದ್ದರು, ನನ್ನ ಇಲಾಖೆ ಅಂದುಕೊಂಡಿತ್ತು. ಅವರ ಸಾಲಿನಲ್ಲಿ ನಾನೂ ನಿಂತು ಕಟ್ಟೆಯ ಮೇಲಿನ ಬಾಗಿಲನ್ನು ತಿರುವುಮುರುವು ಓದಿದ್ದೆ. ಎಂಟು ವರ್ಷ ಗಂಡಸರ ಇಲಾಖೆಯಲ್ಲಿ ಸರಪಳಿ ಎಳೆದವಳಿಗೆ ಇಷ್ಟು ತಿಳಿಯಬೇಕಿತ್ತು.

ದೊಡ್ಡ ಬಾಗಿಲು ದಕ್ಷಿಣ ಹುಡೆಯಿಂದ ಮೂರು ಗೇಣು. ತೊಂಬತ್ತಾರು ಅಡಿ. ಅಗೆಯುವ ಮೊದಲು ಈ ಸಲ ಪಂಚರನ್ನು ಕೂಡಿಸಿದೆ. ಕೇರಿಯ ಇಬ್ಬರು, ಊರಿನ ಇಬ್ಬರು, ಐದನೆಯವನಾಗಿ ಆ ವ್ಯಾಪಾರಿಯ ಗುಮಾಸ್ತನನ್ನೇ ಕರೆದು ಕೂರಿಸಿದೆ. ಎಲ್ಲಿ ಅಗೆಯುತ್ತೇವೆ, ಯಾವ ಲೆಕ್ಕದ ಮೇಲೆ ಎಂಬುದನ್ನು ಅಳತೆ ಪುಸ್ತಕದಲ್ಲಿ ಶಾಯಿಯಲ್ಲಿ ಬರೆದು ಓದಿ ಹೇಳಿ, ಆಮೇಲೆ ಗುದ್ದಲಿ ಹಾಕಿಸಿದೆ. ಸಿಗದಿದ್ದರೆ ಮುಖ ಮುಚ್ಚಿಕೊಳ್ಳಲು ನನಗೆ ದಾರಿಯೇ ಇರಲಿಲ್ಲ. ಕಾಕಾ ಮೆಲ್ಲಗೆ, “ಬಾಯಾರ, ಪೆನ್ಸಿಲ್ಲಿಲೆ ಬರೀರಲ್ಲ,” ಎಂದ. “ಬ್ಯಾಡ ಕಾಕಾ, ಶಾಯೀನ ಇರ್ಲಿ,” ಎಂದೆ.

ಮೊದಲು ಗೋದಾಮಿನವರು ತುಂಬಿದ ಒಡ್ಡುಗಲ್ಲು ಬಂತು. ಗೋಡೆಯ ಕಲ್ಲಿಗಿಂತ ಬೇರೆ ಜಾತಿಯದು, ಗಾರೆ ಇಲ್ಲದೆ ಸುಮ್ಮನೆ ಒಟ್ಟಿದ್ದು. ಸೊಂಟದಷ್ಟು ಇಳಿದ ಮೇಲೆ ಗುದ್ದಲಿ ಠಣ್ಣೆಂದಿತು. ಆಯಿಯ ಸೊಸೆ ಕೊಡದ ನೀರು ಸುರಿದಳು. ಮಣ್ಣು ಹರಿದು ಹೋಗಿ ಹೊಸ್ತಿಲು ಕಾಣಿಸಿತು. ಒಂದೇ ಕರಿಕಲ್ಲು, ನಡುವೆ ಕಾಲು ಸವೆದು ತಗ್ಗಾಗಿತ್ತು. ಎರಡೂ ತುದಿಗೆ ಕದ ತಿರುಗುವ ಗುಣಿ, ಅಂಚು ನುಣ್ಣಗೆ. ಹುಡೆಯಿಂದ ಹೊಸ್ತಿಲಿನ ನಡುವಿಗೆ ಟೇಪು ಹಿಡಿದರೆ ತೊಂಬತ್ತೇಳು ಅಡಿ. ಆಯಿ ಮುಂದೆ ಬಂದು ಆ ತಗ್ಗಿನಲ್ಲಿ ಬರಿಗಾಲಿಟ್ಟು ನಿಂತಳು, “ನಮ್ಮತ್ತಿ ಖರೇನ ಹೇಳಿದ್ಲು,” ಎಂದು ಗಟ್ಟಿಯಾಗಿ ಅತ್ತಳು. ನನ್ನ ಕಣ್ಣೂ ತುಂಬಿತು. ಪಂಚನಾಮೆ ಬರೆಯುವಾಗ ಅಕ್ಷರ ಸೊಟ್ಟಗಾದವು. ಪಂಚರೈವರೂ ಸಹಿ, ಹೆಬ್ಬೆಟ್ಟು ಹಾಕಿದರು. ಗುಮಾಸ್ತನೂ ಹಾಕಿದ, ಬೇರೆ ದಾರಿ ಇರಲಿಲ್ಲ ಅವನಿಗೆ.

ನಕಾಶೆಯಲ್ಲಿ ಹಿಂದಿನ ಗೋಡೆಗೆ ಬಾಗಿಲು ಬರೆದೆ. ಬಾಗಿಲಿನಿಂದ ಬಾವಿಗೆ ಚುಕ್ಕೆಗೆರೆ ಎಳೆದು “ವಹಿವಾಟಿನ ದಾರಿ”, ಅಂದರೆ ಹಿಂದಿನಿಂದ ಬಳಸಿ ಬಂದ ದಾರಿ, ಎಂದು ಬರೆದೆ. ದುರಸ್ತಿ ಯಾದಿಯ ನಕಲು, ಪಂಚನಾಮೆ ಎರಡನ್ನೂ ಲಗತ್ತಿಸಿ ಸಾಹೇಬರ ಟೇಬಲ್ಲಿನ ಮೇಲಿಟ್ಟೆ. ಹಬ್ಬಕ್ಕೆ ಇನ್ನೂ ಎರಡು ದಿನ ಇತ್ತು.

ಸಾಹೇಬರು ನೋಡಿದರು. ಈ ಸಲ ನಗಲಿಲ್ಲ. “ಈ ಗೆರಿ ತಗೀರಿ,” ಎಂದರು. “ನಿಮ್ಮ ಕೆಲಸಾ ಹದ್ದು ತೋರಸೂದು. ಇತಿಹಾಸ ಬರಿಯೂದಲ್ಲ.”

“ಹದ್ದಿನ ಗ್ವಾಡಿ ಒಳಗ ಬಾಗಲಾ ಐತ್ರಿ ಸಾಹೇಬರ. ಅದನ್ನ ಬಿಟ್ಟು ಬರದ್ರ ಅದು ಹದ್ದು ಹೆಂಗಾದೀತು?”

“ಮ್ಯಾಲಿಂದ ಫೋನ್ ಬಂದೈತಿ. ಹೊಸಾ ನಕಾಶಿ ಬರೀರಿ, ಅಳತಿ ಪುಸ್ತಕದ ಆ ಪುಟ ತಗದ ಬಿಡ್ರಿ.”

“ಪುಟಕ್ಕ ನಂಬರ ಐತ್ರಿ. ಶಾಯಿಲೆ ಬರದೀನಿ. ಐದು ಮಂದಿ ಪಂಚರ ಸಹಿ ಐತಿ. ನೀವು ಬ್ಯಾರೆ ಮೋಜಣಿದಾರನ್ನ ಕಳಸ್ರಿ, ನಂದೇನೂ ತಕರಾರಿಲ್ಲ. ಅಂವಾ ಹೋಗಿ ಹೊಸ್ತಲಾ ನೋಡ್ಲಿ. ನೋಡಿ, ಇಲ್ಲ ಅಂತ ತನ್ನ ಹೆಸರಿಲೆ ಬರೀಲಿ. ನನ್ನ ಸಹಿ ಇದ ನಕಾಶಿ ಮ್ಯಾಲ ಅಷ್ಟ.”

“ಬದ್ಲಿ ಆಗತೈತಿ ನೋಡ್ರಿ.”

ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಗಳು ಬೆಳಗಾವಿಯ ಸಾಲೆಯಲ್ಲಿ ಮೂರನೆಯ ಇಯತ್ತೆ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಬದಲಿ ಆದರೆ ಸಂಸಾರ ಎರಡಾಗುತ್ತಿತ್ತು. ಆದರೆ ಆ ಕರಿಕಲ್ಲಿನ ತಗ್ಗು ಕಣ್ಣ ಮುಂದಿತ್ತು. ಕಲ್ಲು ಅಷ್ಟು ಸವೆಯಬೇಕಾದರೆ ಎಷ್ಟು ಹೆಂಗಸರು ಅದರ ಮೇಲೆ ಕಾಲಿಟ್ಟಿರಬೇಕು! ಅವರನ್ನೆಲ್ಲ ಒಂದು ರಬ್ಬರಿನಿಂದ ಒರೆಸು ಎಂದು ಈ ಮನುಷ್ಯ ಹೇಳುತ್ತಿದ್ದಾನೆ ಅನ್ನಿಸಿತು.

“ಆಗ್ಲಿರಿ,” ಎಂದೆ. “ಸರಪಳಿ ಎಲ್ಲಾ ತಾಲೂಕಿನಾಗೂ ಮೂವತ್ಮೂರು ಅಡೀನ ಐತಿ.”

ಬೇರೆ ಮೋಜಣಿದಾರ ಹೋದ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು. ಹೋಗಿ ಬಂದು ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ “ಹೊಸ್ತಿಲು ಸ್ಥಳದಲ್ಲಿದೆ” ಎಂದು ಒಂದೇ ಸಾಲು ಬರೆದುಕೊಟ್ಟ. ಆ ಒಂದು ಸಾಲಿಗೆ ಅವನಿಗೆ ನಾನು ಇವತ್ತಿಗೂ ಋಣಿ. ನನ್ನ ನಕಾಶೆಯೇ ಮಂಜೂರಾಯಿತು. ಬೇಲಿ ಬಂತು, ಹೊಸ್ತಿಲಿನ ನೇರಕ್ಕೆ ದಾರಿ ಬಿಟ್ಟು ಬಂತು. ನನಗೆ ಬದಲಿಯೂ ಬಂತು. ನಾಲ್ಕು ವರ್ಷ ದೂರದ ತಾಲೂಕಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದು, ವಾರಕ್ಕೊಮ್ಮೆ ಮಗಳ ಮುಖ ನೋಡಿದೆ. ಅದರ ಸಿಟ್ಟು ನನಗಿನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ಬೆಳಗಾವಿಗೆ ಮರಳಿದ ಮೇಲೆ ಒಂದು ದಿನ ಖಾನಾಪುರದಿಂದ ಫೋನು. ಹಳೆಯ ನಕಾಶೆಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದ ಹೊಸ ಮೋಜಣಿದಾರ.

“ಮೇಡಂ, ಆ ಗಢಿ ನಕಾಶಿ ನೀವ ಬರದದ್ದಲ್ಲರಿ? ಇದರಾಗ ಹಿಂದಿನ ಸಣ್ಣ ಬಾಗಲಾಕ್ಕ ‘ಬಾಗಿಲು ಒಂದು’ ಅಂತ ಐತಿ, ರಸ್ತಾದ ಹೆಬ್ಬಾಗಲಾಕ್ಕ ‘ಬಾಗಿಲು ಎರಡು’ ಅಂತ. ನಂಬರ ಅದಲಿಬದಲಿ ಆದಂಗ ಕಾಣತೈತಿ. ತಿದ್ದಲೇನ್ರಿ?”

“ತಿದ್ದಬ್ಯಾಡ್ರಿ,” ಎಂದೆ. “ಮೋಜಣಿ ಆ ಕಡಿಯಿಂದನ ಶುರು ಆಗೈತಿ.”